ಬೋಳು ಹೆಗಲಿನ ಲಾಯ್ಟ್‌ನಂಟ್

‘ನನಗೆ ಗೊತ್ತಿಲ್ಲ’ ಎನ್ನಲು ಕೆಲವರಿಗೆ ನಾಲಿಗೆಯೇ ಏಳುವುದಿಲ್ಲ. ಅಂಥವರಲ್ಲಿ ನಾನೂ ಒಬ್ಬ. ದಾರಿ ಕೇಳಿದವರನ್ನು ನಾನು ಕಾಣದ ಊರಿಗೂ ಕೈ ತೋರಿಸಿ ಕಳಿಸಿದ್ದೇನೆ. ಪಾಪ, ಅವರಲ್ಲಿ ಎಷ್ಟು ಜನ ಇನ್ನೂ ನಡೆಯುತ್ತಿದ್ದಾರೋ. ಈ ಚಟ ನನ್ನ ಸಂಸಾರಕ್ಕೇ ಕಲ್ಲು ಹಾಕಲಿದ್ದ ಪ್ರಸಂಗ ನಡೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯಲಬುರ್ಗಿಯಲ್ಲಿ.

ಆಗ ನಾನು ತಹಸೀಲ ಕಚೇರಿಯಲ್ಲಿ ಉಮೇದವಾರ. ಅಂದರೆ ಸಂಬಳವಿಲ್ಲದೆ ದುಡಿಯುತ್ತ, ನೌಕರಿ ಇವತ್ತು ಕಾಯಂ ಆದೀತು, ನಾಳೆ ಆದೀತು ಎಂದು ಸಾಹೇಬರ ಮುಖ ನೋಡುತ್ತ ಕೂಡುವವನು. ಮದುವೆಯಾಗಿ ವರ್ಷ ಕಳೆದಿದ್ದರೂ ಹೆಂಡತಿ ಪಾರವ್ವ ಹನುಮಸಾಗರದ ತವರಿನಲ್ಲೇ ಇದ್ದಳು. “ನೌಕರಿ ಕಾಯಂ ಆಗ್ಲಿ ಅಳಿಯಂದ್ರ, ಮರುದಿನನ ಬಂಡಿ ಕಟ್ಟತೀನಿ” ಎಂದು ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನನಗೆ ಶಿಫಾರಸು ಬರೆಯಬೇಕಾದವರು ಗಿರ್ದಾವರ ವೆಂಕಟರಾಯರು, ಹಳ್ಳಿಹಳ್ಳಿ ತಿರುಗಿ, ಊರ ಲೆಕ್ಕ ಬರೆಯುವ ಪಟವಾರಿಗಳ ಮೇಲೆ ಕಣ್ಣಿಡುವ ಅಧಿಕಾರಿ. ಆ ಕಾಗದ ಎಷ್ಟೋ ದಿನದಿಂದ ಸಹಿ ಕಾಣದೆ ಅವರ ಚೀಲದಲ್ಲೇ ಇತ್ತು.

ಒಂದು ಮುಂಜಾನೆ ಮಲ್ಲೇಶಪ್ಪನ ಚಹದಂಗಡಿಯಲ್ಲಿ ಚುರುಮುರಿ ತಗೊಂಡೆ. ಅವನು ಕಟ್ಟಿಕೊಟ್ಟ ಕಾಗದ ಯಾವುದೋ ಇಂಗ್ಲಿಷ್ ವಾರಪತ್ರಿಕೆಯ ಹಾಳೆ. ಅದರಲ್ಲಿ ಜರ್ಮನ್ ಸೈನ್ಯದ ಅಧಿಕಾರಿಗಳ ಹೆಗಲಪಟ್ಟಿಗಳ ಚಿತ್ರ. ಅಧಿಕಾರಿಗಳಲ್ಲೆಲ್ಲ ಕೆಳಗಿನವನು ಲಾಯ್ಟ್‌ನಂಟ್; ಅವನ ಪಟ್ಟಿ ಬೋಳು. ಅವನ ಮೇಲಿನವನು ಓಬರ್‌ಲಾಯ್ಟ್‌ನಂಟ್, ಒಂದು ಚುಕ್ಕಿ. ಅವನಿಗೂ ಮೇಲೆ ಹೌಪ್ಟ್‌ಮನ್, ಎರಡು ಚುಕ್ಕಿ. ಚುರುಮುರಿ ಮರೆತು ಅಂಗಡಿಗೆಲ್ಲ ಕೇಳುವ ಹಾಗೆ ಓದಿದೆ.

“ನಮ್ಮ ಕಡಿ ಹಿಡದು ಹೇಳ್ರಿ” ಎಂದ ಮಲ್ಲೇಶಪ್ಪ. “ಈ ಲಾಯ್ಟ್‌ನಂಟ ಅಂದ್ರ ನಮ್ಮೊಳಗ ಯಾರಿದ್ದಂಗ?”

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. “ತಹಸೀಲ್ದಾರ ಸಾಹೇಬ್ರು ಹೌಪ್ಟ್‌ಮನ್. ಅವರ ಕೈಕೆಳಗಿನ ಪೇಷ್ಕಾರ್ರು ಓಬರ್‌ಲಾಯ್ಟ್‌ನಂಟ್. ಗಿರ್ದಾವರ್ರು ಲಾಯ್ಟ್‌ನಂಟ್” ಎಂದೆ, ಜರ್ಮನಿಯಿಂದ ಆಗತಾನೆ ಇಳಿದವನಂತೆ.

“ಹಂಗಾರ ಗಿರ್ದಾವರ್ರಿಗೆ ಚುಕ್ಕಿ ಎಷ್ಟ್ರಿ?”

“ಒಂದೂ ಇಲ್ಲ.”

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು. ನಾನೂ ನಕ್ಕೆ, ಮೂರ್ಖ.

ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತು. ವೆಂಕಟರಾಯರು ನನ್ನ ಚಾಪೆಯ ಮುಂದೆ ಬಂದು ನಿಂತರು. “ಏನ್ರೀ, ನಮ್ಮ ಹೆಗಲು ಬೋಳಂತ? ಕುದರಿ ಮ್ಯಾಲೆ ಬಿಸಲಾಗ ಹಳ್ಳಿ ಹಳ್ಳಿ ತಿರಗಾಂವ ನಾನು. ಕುರ್ಚಿ ಬಿಟ್ಟು ಏಳಲಾರದ ಆ ಪೇಷ್ಕಾರಗ ಚುಕ್ಕಿ, ನನಗ ಸೊನ್ನಿ?” ಅವರ ಚೀಲವನ್ನು ನೋಡಿದೆ. ಚೀಲದೊಳಗಿನ ಕಾಗದ ನೆನಪಾಯಿತು. ಕಾಗದದ ಹಿಂದೆ ಹನುಮಸಾಗರ, ಹನುಮಸಾಗರದಲ್ಲಿ ಪಾರವ್ವ. “ಛಾಪಿಸುವಾಗ ಬಿಟ್ಟು ಹೋಗಿರಬೇಕ್ರಿ ಸಾಹೇಬ್ರ” ಎನ್ನುತ್ತ ಜೇಬಿನಲ್ಲಿದ್ದ ಆ ಹಾಳೆ ಬಿಡಿಸಿ, ಟಾಕನ್ನು ಮಸಿಗೆ ಅದ್ದಿ, ಲಾಯ್ಟ್‌ನಂಟನ ಪಟ್ಟಿಗೆ ಒಂದು ದಪ್ಪ ಚುಕ್ಕಿ ಇಟ್ಟೆ. ರಾಯರ ಮುಖ ಅರಳಿತು.

ಮರುದಿನ ಪೇಷ್ಕಾರರು ಬಂದರು. “ಅಂವಗೂ ಒಂದು, ನನಗೂ ಒಂದು? ಇದ್ಯಾವ ನ್ಯಾಯರಿ?” ಅವರಿಗೊಂದು ಹೆಚ್ಚಿಗೆ ಇಟ್ಟೆ. ಅವರು ಎರಡಕ್ಕೆ ಏರಿದ ಮೇಲೆ ಹೌಪ್ಟ್‌ಮನ್ನನಿಗೆ ಎರಡೇ ಸಾಕೇ? ಯಾರೂ ಕೇಳದಿದ್ದರೂ ಅವನಿಗೂ ಒಂದು ಇಟ್ಟೆ. ಹೀಗೆ ಯಲಬುರ್ಗಿಯ ಚಾಪೆಯ ಮೇಲೆ ಕೂತು ಎರಡು ದಿನದಲ್ಲಿ ಇಡೀ ಜರ್ಮನ್ ಸೈನ್ಯಕ್ಕೆ ಬಡ್ತಿ ಕೊಟ್ಟೆ.

ಮೂರನೆಯ ದಿನ ತಹಸೀಲ್ದಾರರಿಂದ ಕರೆ. ಹಾಳೆ ಹೇಗೋ ಅವರ ಮೇಜು ಸೇರಿತ್ತು. ಒಂದು ಬದಿಗೆ ಗಿರ್ದಾವರರು, ಇನ್ನೊಂದು ಬದಿಗೆ ಪೇಷ್ಕಾರರು, ಇಬ್ಬರೂ ನೆಲ ನೋಡುತ್ತಿದ್ದರು.

“ದುಷ್ಮನ್ ಫೌಜಿನ ಕಾಗದ ನಮ್ಮ ಕಚೇರಿಯೊಳಗ?” ಎಂದರು ಸಾಹೇಬರು. ನೌಕರಿ ಹೋಯಿತು, ಪಾರವ್ವ ಹೋದಳು, ಇನ್ನು ಜೈಲೊಂದು ಬಾಕಿ ಅನ್ನಿಸಿತು. “ಈ ಚುಕ್ಕಿ ಇಟ್ಟವರು ಯಾರು?”

“ನಾನ ಹುಜೂರ್.”

“ಇಡಿಸಿದಾಂವ ನಾನ್ರಿ” ಎಂದರು ವೆಂಕಟರಾಯರು, ತಲೆ ಎತ್ತದೆ. ಆ ಒಂದು ಮಾತಿಗೆ ಅವರ ಕಾಲು ಹಿಡಿಯೋಣವೆನ್ನಿಸಿತು ನನಗೆ.

ಸಾಹೇಬರು ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿದರು. ಮೀಸೆ ಅಲುಗಿತು. “ನನಗ ಹನ್ನೆರಡು ವರ್ಷದಿಂದ ಬಡ್ತಿ ಇಲ್ಲ. ಈ ಮನುಷ್ಯಾ ಎರಡು ದಿನದಾಗ ಕೊಟ್ಟಾನ” ಎಂದು ನಗತೊಡಗಿದರು. “ಹೊರಗ ಬಿಟ್ರ ಇನ್ನೂ ಎಷ್ಟು ಮಂದಿಗೆ ಕೊಡತಾನೋ. ರಾಯರ, ಇವನ ಕಾಗದ ತೆಗೀರಿ. ಕಾಯಂ ಮಾಡಿ ಕಚೇರಿಗೇ ಕಟ್ಟಿಹಾಕೂಣು. ಈ ಹಾಳಿ ಮಾತ್ರ ನಿನ್ನ ಮನಿಯಾಗಿರ್ಲಿ.”

ಮಾವ ಮಾತಿಗೆ ತಪ್ಪಲಿಲ್ಲ, ಬಂಡಿ ಬಂತು. ಬಂದ ದಿನವೇ ಪಾರವ್ವನಿಗೆ ಈ ಕಥೆಯನ್ನು ನನ್ನ ಶೌರ್ಯವನ್ನೂ ಒಂದಿಷ್ಟು ಬೆರೆಸಿ ಹೇಳಿದೆ. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು.

“ಎಲ್ಲಾರ್ನೂ ಕುಂದ್ರಿಸೀರಿ. ಇದರಾಗ ನೀವ್ ಯಾರ್ರಿ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗೊತ್ತಿಲ್ಲ ಎನ್ನಲು ಆಗಲೂ ಬಾಯಿ ಬರಲಿಲ್ಲ. ಅತಿಯಾಯಿತು ಅನ್ನಿಸಬಾರದಲ್ಲ, ಸಂಕೋಚದಿಂದಲೇ ಲಾಯ್ಟ್‌ನಂಟನ ಮೇಲೆ ಬೆರಳಿಟ್ಟೆ.

“ಹೌದೇನು? ಹಂಗಾರ ಇದ್ದದ್ದು ಇದ್ದಂಗ ಇರ್ಲಿ” ಎಂದು ಪಾರವ್ವ ಹೆಬ್ಬೆರಳು ಒದ್ದೆ ಮಾಡಿ ನಾನಿಟ್ಟ ಚುಕ್ಕಿಯನ್ನು ತಿಕ್ಕಿ ತೆಗೆದಳು.

ನೌಕರಿಯಲ್ಲಿ ಮುಂದೆ ನಾನೂ ಪೇಷ್ಕಾರನಾದೆ, ನಿವೃತ್ತನೂ ಆದೆ. ಮನೆಯಲ್ಲಿ ಮಾತ್ರ ಇವತ್ತಿಗೂ ಲಾಯ್ಟ್‌ನಂಟನೇ. ಚುಕ್ಕಿ ಯಾವಾಗ ಎಂದು ಯಾರಾದರೂ ಕೇಳಿದರೆ, ಜೀವಮಾನದಲ್ಲಿ ಆ ಒಂದೇ ಪ್ರಶ್ನೆಗೆ, ಗೊತ್ತಿಲ್ಲ ಎನ್ನುತ್ತೇನೆ.