ಕಾಲು ನೋಡುವ ಮಾಮಾ

ನಮ್ಮ ಮಾಮಾ, ಅಂದರೆ ನಮ್ಮವ್ವನ ಅಣ್ಣ, ಈ ನಲವತ್ತು ವರ್ಷದಲ್ಲಿ ನನ್ನ ಮುಖ ಸರಿಯಾಗಿ ನೋಡಿದ್ದು ಬಹಳವೆಂದರೆ ಐದು ಸಲ! ಸಿಟ್ಟೇನೂ ಇಲ್ಲ. ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ನೆಲಕ್ಕೆ. ಅಲಮಾರಿಗೋ ಪಲಂಗಕ್ಕೋ ಎಂಥ ಕಾಲಿವೆ ಎಂದು ನೋಡಿ, ಬೇಕಾದರೆ ಮಂಡಿಯೂರಿ ಕೆಳಗೆ ತಲೆ ತೂರಿಸಿ, ಆಮೇಲೆ "ಆರಾಮ ಇದ್ದೀರೇನ್ರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಮನೆಯವರಿಗೋ ಪಲಂಗಕ್ಕೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರಿರುವುದು ಖಟಕ ಚಿಂಚೋಳಿಯಲ್ಲಿ. ಹೆಸರಿಗೆ ಬಡಿಗರು, ಆದರೆ ಮಾಡುವುದು ಕಾಲು ಮಾತ್ರ! ಭಾಲ್ಕಿಯ ಬಡಿಗರು ಅಲಮಾರಿಯ ಮೈ ಮಾಡಿ, ಟೆಂಪೋದಲ್ಲಿ ತಂದು ಇವರ ಅಂಗಳದಲ್ಲಿ ಇಳಿಸಿ ಹೋಗುತ್ತಾರೆ. ಮೇಲಿಂದ ನೆಟ್ಟಗೆ ಇಳಿದು, ನೆಲ ಮುಟ್ಟುವ ಹೊತ್ತಿಗೆ ಹೊರಗೆ ಬಾಗಿ ಅಗಲವಾಗುವ ಕಾಲು ಬೇಕೆಂದರೆ ಇವರ ಹತ್ತಿರವೇ ಬರಬೇಕು. ಅದಕ್ಕೆ ಇವರಿಗೆ ಡೊಂಕು ಟೊಂಗೆಯೇ ಆಗಬೇಕು.

"ನೆಟ್ಟನ ಕಟ್ಟಿಗ್ಯಾಗ ಬಾಗಿದ ಕಾಲು ಕೊರದರ ತುದಿ ಮುರೀತದ. ಡೊಂಕ ಟೊಂಗ್ಯಾಗ ಒಳಗಿನ ನಾರಿನ ಎಳಿನೂ ಬಾಗಿರ್ತದ, ಮುರಿಯಂಗಿಲ್ಲ" ಎನ್ನುತ್ತಾರೆ.

ಒಮ್ಮೆ ಔರಾದಕ್ಕೆ ಲಗ್ನಕ್ಕೆಂದು ಹೊರಟವರು ಸಂತಪುರದ ಹತ್ತಿರ ಕಿಟಕಿಯಿಂದ ಒಂದು ಜಾಲಿಮರ ಕಂಡು ಬಸ್ಸು ನಿಲ್ಲಿಸಿ ಇಳಿದೇಬಿಟ್ಟರು. ಔರಾದದಲ್ಲಿ ಅಕ್ಕಿಕಾಳು ಬಿದ್ದವು, ಊಟವಾಯಿತು, ಹಂದರ ಬಿಚ್ಚುವ ಹೊತ್ತಿಗೆ ಹೆಗಲ ಮೇಲೆ ಟೊಂಗೆ ಹೊತ್ತು ಮಾಮಾ ಪ್ರತ್ಯಕ್ಷ! ಮದುಮಕ್ಕಳು ಕಾಲಿಗೆ ಬಿದ್ದರೆ ಆಶೀರ್ವಾದ ಮಾಡಲು ಅವರಿಗೆ ಕೈ ಖಾಲಿ ಇರಲಿಲ್ಲ.

ನನಗೆ ಹೆಣ್ಣು ನೋಡಲು ಭಾಲ್ಕಿಗೆ ಹೋದಾಗಲೂ ಅಷ್ಟೇ. ಹುಡುಗಿ ಚಹಾ ತಂದಳು. ಎಲ್ಲರೂ ಹುಡುಗಿಯನ್ನು ನೋಡಿದರೆ ಮಾಮಾ ಪಲಂಗದ ಕೆಳಗೆ! ಹುಡುಗಿಯ ಅಪ್ಪ ಗಾಬರಿಯಾಗಿ "ಏನ್ ಬಿತ್ರಿ?" ಎಂದು ತಾವೂ ಬಗ್ಗಿದರು. ಅವರ ತಮ್ಮ ಟಾರ್ಚು ತಂದರು. ಅರ್ಧ ಮನೆ ನೆಲದ ಮೇಲೆ ಹುಡುಕತೊಡಗಿದಾಗ ಮಾಮಾ ಹೊರಬಂದು ಧೂಳು ಜಾಡಿಸಿಕೊಂಡರು. "ಪಲಂಗ ಬಹಳ ಚಲೋ ಅದ. ಹುಡುಗಿನೂ ಚಲೋ ಇರಬೇಕು!" ಎಂದರು. ಆ ಹುಡುಗಿಯೇ ಈಗ ನನ್ನ ಹೆಂಡತಿ.

ಲಗ್ನಕ್ಕೆ ಮಾಮಾ ಒಂದು ಅಲಮಾರಿ ಕೊಟ್ಟರು. ಮೈ ಭಾಲ್ಕಿಯದು, ಕಾಲು ಅವರವು. ಆ ನಾಲ್ಕು ಕಾಲಿನ ಕಟ್ಟಿಗೆಯನ್ನು ಎರಡು ವರ್ಷ ನೆರಳಲ್ಲಿ ಒಣಗಿಸಿದ್ದರಂತೆ. ಅಂದರೆ ನನಗೆ ಹೆಣ್ಣು ಹುಡುಕುವ ಮೊದಲೇ ಕಾಲು ಹುಡುಕಿಟ್ಟಿದ್ದರು!

ಇಲ್ಲಿಂದ ಮುಂದೆ ನಗುವಂಥದ್ದು ಕಡಿಮೆ. ನಾಚಿಕೆಗೇಡು ನನ್ನದೇ, ಹೇಳಿಬಿಡುತ್ತೇನೆ.

ಬೀದರಿನ ಚಿದ್ರಿಯಲ್ಲಿ ಹೊಸ ಮನೆ ಕಟ್ಟಿಸಿದೆವು. ಅಲಮಾರಿ ಇಡುವ ಕಡೆ ಗೋಡೆಯ ಸಜ್ಜಾ ನಾಲ್ಕು ಬೆರಳು ಕೆಳಗಿದ್ದು ಅಲಮಾರಿ ಹಿಡಿಸಲಿಲ್ಲ. ಬೇರೆ ಕೋಣೆ ಇರಲಿಲ್ಲವೇ? ಇತ್ತು! ಆದರೆ ನಮ್ಮ ಸಾಲೆಯ ಮಾಸ್ತರೊಬ್ಬರು ಅದನ್ನು ನೋಡಿ, "ಏನ್ ಸರ್, ನಿಮ್ಮ ಅಲಮಾರಿ ಘಾಗ್ರಾ ಉಟ್ಟಂಗ ಅದಲ್ರಿ!" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಮರುದಿನವೇ ಒಬ್ಬನನ್ನು ಕರೆಸಿ ನಾಲ್ಕೂ ಕಾಲು ಕೊಯ್ಯಿಸಿದೆ. ಹೆಂಡತಿ ಅವನ್ನು ಚೀಲದಲ್ಲಿ ಕಟ್ಟಿಟ್ಟು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮುಂದಿನ ತಿಂಗಳು ಮಾಮಾ ಬಂದರು. ಎಂದಿನಂತೆ ಕೆಳಗೆ ನೋಡಿದರು.

"ಕಾಲು ಎಲ್ಲಿ ಅವ ತಮ್ಮಾ?"

ಮಕ್ಕಳಿಂದ ಸತ್ಯದ ಮೇಲೆ ನಿಬಂಧ ಬರೆಸುವ ಮಾಸ್ತರ ನಾನು! ಬಾಯಿಂದ ಥಟ್ಟನೆ ಬಂತು: "ಗೆದ್ದಲ ಹತ್ತಿತ್ರಿ ಮಾಮಾ. ತೆಗಸಬೇಕಾಯ್ತು."

ಅವರು ಮಂಡಿಯೂರಿ ಅಲಮಾರಿಯ ಕೆಳಗಿನ ಅಂಚನ್ನು ಈ ತುದಿಯಿಂದ ಆ ತುದಿವರೆಗೆ ಬೆರಳಿನಿಂದ ಸವರಿದರು. "ನನ್ನ ಕಟ್ಟಿಗಿಗಿ ಗೆದ್ದಲೇನು?" ಎಂದು ಮೆಲ್ಲಗೆ ಅಂದರು. ಹೆಂಡತಿ ಚಹಾ ತರುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟಿದ್ದರು.

ಹದಿನೈದು ದಿನ ಬಿಟ್ಟು ಮಾಮಿಯ ಫೋನು. "ನಿಮ್ಮ ಮಾಮಾಗ ಏನಾಗ್ಯದೋ ನೋಡಪ್ಪಾ. ಇಷ್ಟು ವರ್ಷ ಯಾರ್ಯಾರಿಗಿ ಕಾಲು ಮಾಡಿ ಕೊಟ್ಟಾರೋ ಅವರ ಮನಿಮನಿಗಿ ಹೋಗಿ ಗೆದ್ದಲ ನೋಡ್ಲತ್ತಾರ. ಹೊಸ ಕೆಲಸ ಮುಟ್ಟಂಗೇ ಇಲ್ಲ, ಇನ್ನ ಬಿಟ್ಟುಬಿಡ್ತೇನಿ ಅಂತಾರ."

ಭಾಲ್ಕಿ ಮುಗಿಸಿದ್ದರು, ಸಂತಪುರ ಮುಗಿಸಿದ್ದರು, ಔರಾದ ನಡೆದಿತ್ತು. ಅಲ್ಲಿ ಬಾಣಂತಿ ಮಲಗಿದ್ದ ಪಲಂಗದ ಕೆಳಗೇ ನುಗ್ಗಿ ಬೈಸಿಕೊಂಡರಂತೆ! ನನಗೆ ನಗು ಬಂತು. ಆದರೆ ಅವರ ಇಡೀ ಆಯುಷ್ಯದ ಕೆಲಸದ ಮೇಲೆ ನಾನು ಒಂದೇ ಮಾತಿನಲ್ಲಿ ಮಣ್ಣು ಹಾಕಿದ್ದೆ.

ಭಾನುವಾರ ಚೀಲ ಹಿಡಿದು ಖಟಕ ಚಿಂಚೋಳಿಗೆ ಹೋದೆ. ಮಾಮಾ ಅಂಗಳದಲ್ಲಿ ಸುಮ್ಮನೆ ಕೂತಿದ್ದರು. ನಾಲ್ಕೂ ಕಾಲು ಅವರ ಮುಂದಿಟ್ಟೆ.

"ಗೆದ್ದಲ ಹತ್ತಿಲ್ರಿ ಮಾಮಾ. ನಾನೇ ಕೊಯ್ಸೀನಿ. ಮಂದಿ ನಗ್ತಾರಂತ ನಾಚಿಕಿ ಬಂತು."

ಅವರು ಒಂದು ಕಾಲನ್ನು ಎತ್ತಿಕೊಂಡು ಉಗುರಿನಿಂದ ಬಡಿದು ನೋಡಿದರು, ಮೂಸಿದರು.

"ಅವತ್ತೇ ಗೊತ್ತಾಗಿತ್ತೋ. ಗೆದ್ದಲ ತಿಂದರ ಅಂಚು ಅಷ್ಟು ಸಾಫ್ ಇರಂಗಿಲ್ಲ."

"ಮತ್ತ ಮನಿಮನಿ ಯಾಕ ತಿರಗಿದ್ರಿ?"

ಮಾಮಾ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ನನ್ನ ತಂಗಿ ಮಗ ಸುಳ್ಳು ಹೇಳ್ಯಾನ ಅಂತ ಹ್ಯಾಂಗ ತಿಳ್ಕೊಳ್ಲಿ? ಎಲ್ಲ್ಯಾರ ಒಂದು ಕಾಲಿಗರ ಗೆದ್ದಲ ಸಿಕ್ಕೀತೇನಂತ ನೋಡ್ದೆ. ಸಿಕ್ಕಿದ್ದರ ಸಮಾಧಾನ ಆಗ್ತಿತ್ತು."

ಅಷ್ಟು ಹೇಳಿ ನನ್ನ ಮುಖ ನೋಡಿದರು. ಐದನೆಯ ಸಲ. ತಲೆ ಎತ್ತುವ ಧೈರ್ಯ ನನಗಾಗಲಿಲ್ಲ. ನೆಲ ನೋಡುತ್ತ ನಿಂತೆ. ಅಲ್ಲಿ ಅವರ ಕಾಲಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಔರಾದದ ಮಣ್ಣು ಇನ್ನೂ ಕೂತಿತ್ತು.