ಗಾಜಿಗೆ ಹಚ್ಚಿದ ಭಂಡಾರ

ಶುಕ್ರವಾರ, ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷ. ಬೋರಾಮಣಿಯ ಒಂದು ಮನೆಯ ಮುಂದೆ, ಬೇವಿನ ಗಿಡದ ಕೆಳಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಬಿಸಿಲು ನನ್ನ ಬೆನ್ನಿಗಿತ್ತು. ಕಣ್ಣು ಕುಕ್ಕಿತು, ಸರಿಯಾಗಿ ಕಾಣಲಿಲ್ಲ ಎಂದು ನಾಳೆ ಯಾರೂ ಹೇಳುವ ಹಾಗಿಲ್ಲ. ಕುಡಿದಿರಲೂ ಇಲ್ಲ; ಚಹಾ ಕೂಡ ಇನ್ನೂ ಬಂದಿರಲಿಲ್ಲ! ಇಷ್ಟನ್ನು ಮೊದಲೇ ಬರೆದಿಡುತ್ತೇನೆ. ಯಾಕೆಂಬುದನ್ನು ಕಡೆಗೆ ಹೇಳುತ್ತೇನೆ.

ಈಗ ನಮ್ಮತ್ತಿಯ ವಿಷಯ. ನಮ್ಮಪ್ಪನ ಅಕ್ಕ. ಸೊಲ್ಲಾಪುರದಲ್ಲಿ ಸೀರಿಯಲ್ ನೋಡುವವರಿಗೇನು ಬರವೇ? ಆದರೆ ಸೀರಿಯಲ್ಲಿನ ಹುಡುಗಿಯೊಬ್ಬಳು ಮಾಟಗಾತಿಯಾಗದ ಹಾಗೆ ತಡೆಯುವ ಜವಾಬ್ದಾರಿಯನ್ನು ತಲೆಯ ಮೇಲೆ ಹೊತ್ತವಳು ಇವಳೊಬ್ಬಳೇ! ಅದೂ ಕುಂತಲ್ಲೇ ಕುಂತು ದೇವರಿಗೆ ಕೈಮುಗಿದು ಅಲ್ಲ. ಎದ್ದು ಹೋಗಿ, ಟೀವಿಯ ಮುಂದೆ ನಿಂತು, ಕೈಯಾರೆ.

ಅತ್ತಿ ತಡವಳದಿಂದ ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದವಳು. ಎಂಟು ದಿನದ ಮಾತು ಎಂದಿದ್ದೆವು. ಪೊರೆ ತೆಗೆದ ಮೇಲೆ ಅವಳಿಗೆ ಸ್ಪಷ್ಟವಾಗಿ ಕಂಡ ಮೊದಲನೆಯ ಮುಖ ನನ್ನದಲ್ಲ, ನನ್ನ ಹೆಂಡತಿ ರೇಖಾಳದೂ ಅಲ್ಲ. ಸಂಜೆ ಏಳೂವರೆಯ ಮರಾಠಿ ಸೀರಿಯಲ್ಲಿನ ಆ ಹುಡುಗಿಯದು. ಅಲ್ಲಿಗೆ ಎಂಟು ದಿನದ ಮಾತು ಮುಗಿಯಿತು. ಆ ಹುಡುಗಿಗೆ ಒಂದು ಉದ್ದನೆಯ ಹೆಸರಿತ್ತು. ಅತ್ತಿ ಮಾತ್ರ 'ಪೋರಿ' ಎನ್ನುತ್ತಿದ್ದಳು. ಪೋರಿಗೆ ದೇವಿಯ ವರ. ಮುಟ್ಟಿದರೆ ಸಾಕು, ಬೇನೆ ಹೋಗುತ್ತದೆ. ಆದರೆ ಗಂಡ ಎಚ್ಚರ ತಪ್ಪಿ ಬಿದ್ದಾಗ ದೇವಿಯ ವರ ಕೆಲಸ ಮಾಡಲಿಲ್ಲ. ಆಗ ಒಬ್ಬಳು ಮುದುಕಿ ಬಂದು ಕರಿಯ ದಾರವೊಂದನ್ನು ಪೋರಿಯ ಕೈಗೆ ಕಟ್ಟಿದಳು. ಅಂದಿನಿಂದ ಅವಳ ಅಂಗೈಯಲ್ಲಿ ಕಪ್ಪು ಗೆರೆಯೊಂದು ಹುಟ್ಟಿ, ದಿನದಿನಕ್ಕೆ ಮೇಲೇರತೊಡಗಿತು. ಗೆರೆ ಮೊಣಕೈ ಮುಟ್ಟಿದರೆ ಪೋರಿ ಪೂರ್ತಿ ಕಾಳಾ ಜಾದೂವಿನವಳು. ಮುಟ್ಟುತ್ತದೋ ಇಲ್ಲವೋ? ಈ ಒಂದು ಪ್ರಶ್ನೆಯ ಮೇಲೆ ಸೀರಿಯಲ್ಲಿನವರು ಆರು ತಿಂಗಳು ಜಗ್ಗಿದರು.

ನಾನು ಚಿಂಚೋಳಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಟಾವೆಲ್ ಅಳೆಯುವವನು. ಉದ್ದ, ಅಗಲ, ಅಂಚು. ಇದು ಅತ್ತಿಗೆ ಗೊತ್ತಿತ್ತು.

"ತಮ್ಮಾ, ನಿನ್ನ ಟೇಪು ತಾ. ಗೆರಿ ಎಷ್ಟು ಏರ್‍ಯದ ನೋಡು."

"ಅತ್ತಿ, ಕ್ಯಾಮೆರಾ ಹತ್ರ ಬಂದ್ರ ಗೆರಿ ದೊಡ್ಡದು ಕಾಣ್ತದ, ದೂರ ಹೋದ್ರ ಸಣ್ಣದು. ಅದನ್ನ ಅಳಿಯಾಕ ಬರೂದಿಲ್ಲ."

"ನಿಮ್ಮ ಕಾರ್ಖಾನಿ ಟಾವೆಲ್ ಹಂಗ ದೊಡ್ಡದು ಸಣ್ಣದು ಆಗ್ತಾವೇನು? ಅಳಿ ಅಂದ್ರ ಅಳಿ!"

ಅಳೆದೆ. ಹನ್ನೊಂದು ಸೆಂಟಿಮೀಟರ್. ರೊಟ್ಟಿ ಬಡಿಯುತ್ತಿದ್ದ ರೇಖಾ ಒಳಗಿನಿಂದಲೇ ಕೂಗಿದಳು: "ಹಗಲೆಲ್ಲ ಟಾವೆಲ್ ಅಳಿಯೂದು, ಸಂಜಿಗೆ ಮಾಟಾ ಅಳಿಯೂದು! ಈ ಮನ್ಯಾಗ ಜ್ವಾಳ ಅಳಿಯೋರು ನಾ ಒಬ್ಬಾಕೀನೇ!"

ಅಳತೆಯಿಂದ ಸಮಾಧಾನವಾಗದೆ ಅತ್ತಿ ಭಂಡಾರ ತೆಗೆದಳು. ಭಂಡಾರವೆಂದರೆ ಬೀರೋಬನ ಗುಡಿಯ ಅರಿಶಿನಪುಡಿ. ಒಂದು ಚಿಕ್ಕ ಬಟ್ಟೆಚೀಲದಲ್ಲಿ ಸದಾ ಅವಳ ಸೊಂಟದಲ್ಲಿರುತ್ತಿತ್ತು. ಕುರಿ ಕಾಯುವ ನಮ್ಮ ಮನೆತನಗಳಲ್ಲಿ ಒಂದು ರೂಢಿಯಿದೆ. ಯಾರ ಮೇಲಾದರೂ ಕೆಟ್ಟ ಮಾತು ಬಂದರೆ, ಆ ಮನೆಯ ಹಿರಿಯ ಹೆಂಗಸು ಮಂದಿಯ ಎದುರು ಅವರ ಹಣೆಗೆ ಭಂಡಾರ ಹಚ್ಚಬೇಕು. ಹಚ್ಚಿದರೆ ಮಾತು ಅಲ್ಲಿಗೆ ಮುಗಿಯಿತು. ಆಕೆ ನಮ್ಮವಳು, ತಪ್ಪಿಲ್ಲದವಳು. ಆಮೇಲೆ ಹಚ್ಚಿದಾಕೆ "ಯಾರ್‍ಯಾರು ನೋಡಿದ್ರಿ?" ಎಂದು ಕೇಳಬೇಕು, ನೋಡಿದವರು ಹೆಸರು ಹೇಳಿ ಹೂಂ ಎನ್ನಬೇಕು. ಹೆಸರು ಹೇಳದಿದ್ದರೆ ಅದು ಭಂಡಾರವಲ್ಲ, ಬರೀ ಅರಿಶಿನ.

ಸೀರಿಯಲ್ಲಿನವರು ಒಂದೇ ಮುಖವನ್ನು ಢಣ್ ಢಣ್ ಎಂದು ಮೂರು ಸಲ ತೋರಿಸುತ್ತಾರಲ್ಲ, ಅದು ಅತ್ತಿಗೆ ಬಹಳ ಅನುಕೂಲವಾಯಿತು. ಮೊದಲನೆಯ ಸಲಕ್ಕೆ ಏಳುವುದು, ಎರಡನೆಯ ಸಲಕ್ಕೆ ಟೀವಿ ಮುಟ್ಟುವುದು, ಮೂರನೆಯ ಸಲಕ್ಕೆ ಹಚ್ಚುವುದು. ಗುರಿ ತಪ್ಪುತ್ತಿರಲಿಲ್ಲ. ಎರಡು ಹುಬ್ಬಿನ ನಟ್ಟನಡುವೆ! ಆಮೇಲೆ ಹಾಜರಿ.

"ಯಾರ್‍ಯಾರು ನೋಡಿದ್ರಿ?"

ನಾನು ಹೆಸರು ಹೇಳಬೇಕು. ಹತ್ತನೆಯ ಈಯತ್ತೆಯ ನನ್ನ ಮಗಳು ಪೂರ್ವಾ ಮೊಬೈಲಿನಿಂದ ತಲೆ ಎತ್ತಿ ಹೇಳಬೇಕು. ರೇಖಾ ಒಲೆಯ ಮುಂದಿನಿಂದಲೇ "ರೇಖಾ, ನೋಡೀನಿ" ಎನ್ನುತ್ತಿದ್ದಳು.

"ಏನು ನೋಡೀದಿ? ರೊಟ್ಟಿ ನೋಡೀದ್ಯೋ, ಪೋರೀನ ನೋಡೀದ್ಯೋ? ಸುಳ್ಳು ಸಾಕ್ಷಿ ಹೇಳಬ್ಯಾಡ!"

ಆದರೆ ಜಾಹೀರಾತು ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಬಟ್ಟೆ ಒಗೆಯುವ ಪುಡಿ ಮಾರುವವನಿಗೆ ಭಂಡಾರ ಬಿತ್ತು. ಬನಿಯನ್ ತೊಟ್ಟ ಪೈಲ್ವಾನನಿಗೆ ಬಿತ್ತು. ಒಂದು ದಿನ ಕೈ ಏರುವುದಕ್ಕೂ ದೃಶ್ಯ ಬದಲಾಗುವುದಕ್ಕೂ ಸರಿಹೋಗಿ, ದಾರ ಕಟ್ಟಿದ ಆ ಮುದುಕಿಯ ಹಣೆಗೇ ಬಿತ್ತು! ಅತ್ತಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಆ ಕೆಟ್ಟ ಮುದುಕಿಗೆ ಹಚ್ಚಿಬಿಟ್ನಲ್ಲೋ ತಮ್ಮಾ, ನೀವೂ ನೋಡೀವಿ ಅಂದ್ಬಿಟ್ರಲ್ಲೋ!" ಮೂರನೆಯ ದಿನ ಮುದುಕಿ ಯಾಕೋ ಪೋರಿಯ ತಲೆ ಸವರಿ ಕಣ್ಣೀರು ಹಾಕಿದಳು. ಅತ್ತಿ ಚಪ್ಪಾಳೆ ತಟ್ಟಿದಳು. "ನೋಡು! ತಪ್ಪಿ ಹಚ್ಚಿದ್ರೂ ಹತ್ತತದ!"

ಒಂದು ಗುರುವಾರ ಅಕ್ಕಲಕೋಟಕ್ಕೆ ಕರೆದುಕೊಂಡು ಹೋಗಿದ್ದೆ. ಸ್ವಾಮಿಗಳ ಮಠದಲ್ಲಿ ಅಭಿಷೇಕಕ್ಕೆ ಹೆಸರು ಬರೆಸುವ ಕಿಟಕಿಯಲ್ಲಿ ಅತ್ತಿ ಪೋರಿಯ ಆ ಉದ್ದನೆಯ ಹೆಸರನ್ನು ತಪ್ಪಿಲ್ಲದೆ ಹೇಳಿದಳು. ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ. "ಆಜೀ, ಹೀ ಟೀವೀತಲೀ ನಾ?" ಎಂದ ಮರಾಠಿಯಲ್ಲಿ. ಟೀವಿಯವಳಲ್ಲವೇ ಎಂದು.

"ಟೀವಿಯೊಳಗಿದ್ರ ಆಕಿ ಮನಿಷ್ಯಾ ಅಲ್ಲೇನು?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವನು ಅತ್ತ ಇತ್ತ ನೋಡಿದ, ಹೆಸರು ಬರೆದ. ಮುಂದಕ್ಕೆ ಬಾಗಿ ಮೆಲ್ಲಗೆ ಕನ್ನಡಕ್ಕೆ ಇಳಿದ: "ಗೆರಿ ಮೊಣಕೈತನ ಹೋಗೂದಿಲ್ಲ ಅಲ್ರೀ? ನಮ್ಮ ಮನ್ಯಾಗ ಭಾಳ ಚಿಂತಿ ಮಾಡಾಕತ್ತಾರ."

ಇಷ್ಟರವರೆಗೆ ನಾವು ನಕ್ಕೆವು. ನಾನೂ ನಕ್ಕೆ. ಕಾರ್ಖಾನೆಯಲ್ಲಿ ಹೇಳಿ ಮಂದಿಯನ್ನೂ ನಗಿಸಿದೆ. ಅದನ್ನೂ ಬರೆದಿಡಬೇಕು.

ನಗು ನಿಂತದ್ದು ಒಂದು ಬುಧವಾರ. ಎದುರುಮನೆಯ ಹೆಂಗಸು ನಮ್ಮಲ್ಲಿ ಬಂದು ಕುಳಿತು ಸೀರಿಯಲ್ ನೋಡುತ್ತಿದ್ದರು. ಪೋರಿ ಸಂಜೆಗತ್ತಲಲ್ಲಿ ಒಬ್ಬಳೇ ಕಾಡಿನಲ್ಲಿ ಏನೋ ಎಲೆ ಕೀಳುತ್ತಿದ್ದಳು. ಎದುರುಮನೆಯವರು ಹೇಳಿದರು: "ಮುಗೀತು. ಇನ್ನ ಆಕಿ ಪಕ್ಕಾ ಚೇಟಕೀಣ, ಮಾಟಗಾತಿ. ಇಂಥಾಕೀನ ಊರು ಬಿಡಿಸಿ ಓಡಿಸಬೇಕು ನೋಡ್ರಿ."

ಅತ್ತಿ ಟೀವಿ ಆರಿಸಿದಳು. ಏಳೂವರೆಗೆ ಕುಳಿತವಳು ಎಂಟಕ್ಕೆ ಮೊದಲು ಟೀವಿ ಆರಿಸಿದ್ದು ಅದೇ ಮೊದಲು.

"ಯಾಕಂತ ಎಲಿ ಕೀಳಾಕತ್ಯಾಳ, ನಿನಗ ಗೊತ್ತದ ಏನವ್ವಾ? ಯಾರಿಗಂತ ಕೀಳಾಕತ್ಯಾಳ, ಕೇಳೀದಿ ಏನು?"

ಧ್ವನಿ ಏರಿರಲಿಲ್ಲ. ಎದುರುಮನೆಯವರು ಎದ್ದು ಹೋದರು. ಅತ್ತಿ ಆರಿದ ಟೀವಿಯನ್ನೇ ನೋಡುತ್ತ ಕುಳಿತಳು. ನಾನು ಅವಳ ಎಡಗಡೆ, ನೆಲದ ಮೇಲೆ ಕುಳಿತಿದ್ದೆ. ಅವಳು ಹೇಳಿದ್ದು ಇಷ್ಟು.

ತಡವಳದಲ್ಲಿ ಅತ್ತಿ ಹಿರಿಯ ಸೊಸೆ. ಕಿರಿಯ ಸೊಸೆ, ಅಂದರೆ ಅತ್ತಿಯ ನೆಗೆಣ್ಣಿ, ಬೋರಾಮಣಿಯ ಲಗಮವ್ವ. ಅವಳಿಗೆ ತಪ್ಪಲಿನ, ಅಂದರೆ ಗಿಡದ ಎಲೆಯ, ಔಷಧ ಗೊತ್ತಿತ್ತು. ಒಂದು ವರ್ಷ ಮಳೆ ನಿಂತ ಮೇಲೆ ಹಟ್ಟಿಯ ಕುರಿಗಳು ಬಾಯಲ್ಲಿ ನೊರೆ ಬಂದು ಸಾಯತೊಡಗಿದವು. ಲಗಮವ್ವ ಸಂಜೆ ಹೊತ್ತು ದೊಡ್ಡಿಯ ಹಿಂದೆ ಒಬ್ಬಳೇ ಏನೋ ಕೀಳುವುದನ್ನು ಯಾರೋ ಕಂಡಿದ್ದರು. ಕರಣಿ ಮಾಡಿದ್ದಾಳೆ ಎಂದರು. ಕರಣಿ ಎಂದರೆ ಮಾಟವೇ. ಬೀರೋಬನ ಗುಡಿಯ ಮುಂದೆ ಮಂದಿ ಸೇರಿತು. ಹಿರಿಯ ಸೊಸೆಯ ಕೈಗೆ ಭಂಡಾರ ಕೊಟ್ಟು ಮಾವ ಹೇಳಿದ: ತಪ್ಪಿಲ್ಲದಿದ್ದರೆ ಹಚ್ಚು.

"ಆ ತಪ್ಪಲಾ ನನಗಂತ ಕೀಳಾಕಿ ತಮ್ಮಾ," ಎಂದಳು ಅತ್ತಿ. "ನನಗ ಮಕ್ಕಳಾಗಲಿಲ್ಲಲ್ಲ, ಅದಕ್ಕ. ಮಂದಿ ಕಾಣದಂಗ ತಾ ಅಂತ ನಾನೇ ಹೇಳಿದ್ದೆ."

"ಮತ್ತ ಅದನ್ನ ಹೇಳಬೇಕಿತ್ತಲ್ಲ ಅತ್ತಿ?"

"ಹೇಳಿದ್ರ, ನಾ ಬಂಜಿ, ಮಕ್ಕಳಿಗಂತ ಔಷಧ ತಗೋತೀನಿ ಅನ್ನೂದು ಹಟ್ಟಿಗೆಲ್ಲ ಗೊತ್ತಾಗ್ತಿತ್ತು. ಮನಿ ಒಳಗಷ್ಟ ಇತ್ತು ಅದು. ಲಗಮಿ ನನ್ನ ಮಾರಿ ನೋಡಿದ್ಲು. ಆಕಿ ಬಾಯಿ ಬಿಡಲಿಲ್ಲ. ನಾ ಮುಷ್ಟಿ ಬಿಡಲಿಲ್ಲ."

ಲಗಮವ್ವನನ್ನು ಅಂದೇ ಬೋರಾಮಣಿಯ ತವರಿಗೆ ಕಳಿಸಿದರು. ಆಮೇಲೆ ಅವಳು ತಡವಳ ನೋಡಲಿಲ್ಲ. ನಲವತ್ತು ವರ್ಷದ ಮೇಲಾಯಿತು.

ಮರುದಿನ ಪೂರ್ವಾ ಮೊಬೈಲಿನಲ್ಲಿ ಮುಂದಿನ ಕಂತಿನ ತುಣುಕು ತೋರಿಸಿದಳು. "ಅಜ್ಜೀ, ನಾಳೆ ಮಹಾಎಪಿಸೋಡು. ಪೋರಿ ಹೋಗ್ತಾಳೋ ಉಳೀತಾಳೋ ನಾಳೆ ಫೈನಲ್." ಅತ್ತಿ ಅದನ್ನು ನೋಡಲಿಲ್ಲ. ಟೀವಿಯ ಹತ್ತಿರ ಹೋಗಿ, ಹಳದಿ ಹತ್ತಿ ಹತ್ತಿ ಕಲೆಯಾಗಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದಳು.

"ಆರು ತಿಂಗಳಾತು ಗಾಜಿಗೆ ಹಚ್ಚಾಕತ್ತಿ. ನಾಳೆ ಬೋರಾಮಣಿಗೆ ಹೋಗೂಣು."

ಹೀಗೆ ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿ, ಅತ್ತಿ ಮತ್ತು ರೇಖಾಳೊಂದಿಗೆ ಬಸ್ಸಿನಲ್ಲಿ ಹೋಗಿ, ಆ ಬೇವಿನ ಗಿಡದ ಕೆಳಗೆ ನಿಂತದ್ದು.

ಲಗಮವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಬಿಳಿಯ ತಲೆ, ಸಣ್ಣ ಮೈ. ಕೈ ಅಡ್ಡ ಹಿಡಿದು ನಮ್ಮತ್ತ ನೋಡಿದಳು.

"ತಡವಳದಾಗಿಂದ ನಮ್ಮತ್ತಿ..." ಎಂದು ನಾನು ಶುರು ಮಾಡಿದೆ.

"ನೀ ಸುಮ್ನಿರು. ನಡಿಗಿ ನೋಡೇ ಗೊತ್ತಾತು." ಆಮೇಲೆ ಅತ್ತಿಗೆ: "ಭಾಳ ತಡಾ ಮಾಡೀದಿ, ಅಕ್ಕಾ. ಬಸ್ ಸಿಗಲಿಲ್ಲೇನು?"

ರೇಖಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವಿಗೋ ಅಳುವಿಗೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಅತ್ತಿ ಚೀಲ ಬಿಚ್ಚಿ ಭಂಡಾರ ಹಿಡಿದು ಮುಂದೆ ಹೋದಳು. "ಹಚ್ಚಾಕ ಬಂದೀನಿ, ಲಗಮಿ."

"ಇಲ್ಲೇನು ಹಚ್ಚತಿ? ಅಲ್ಲಿ ಹಚ್ಚಬೇಕಿತ್ತು. ಮಾವ ಇದ್ದ, ಹಟ್ಟಿಗೆ ಹಟ್ಟೀನೇ ನಿಂತಿತ್ತು. ಇಲ್ಲಿ ಯಾರು ನೋಡಾವ್ರು? ಈ ಆಡು ನೋಡ್ತದೇನು?"

ಬಾಗಿಲ ಬದಿಗೆ ನಿಜವಾಗಿಯೂ ಒಂದು ಆಡು ಕಟ್ಟಿತ್ತು. ಅತ್ತಿ ಹಿಂದೆ ತಿರುಗಿ ನನಗೆ ಬೆರಳು ತೋರಿಸಿದಳು.

"ಅವ ನೋಡ್ತಾನ. ನನ್ನ ತಮ್ಮನ ಮಗ. ಟಾವೆಲ್ ಅಳೀತಾನ. ಒಂದು ಬೊಟ್ಟು ಹೆಚ್ಚಿಗಿ ಹೇಳೂದಿಲ್ಲ, ಒಂದು ಬೊಟ್ಟು ಕಡಿಮಿ ಹೇಳೂದಿಲ್ಲ."

ಲಗಮವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿಲ್ಲ. ಆಮೇಲೆ ಮೊರ ಬದಿಗಿಟ್ಟು, ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. "ಹಚ್ಚು."

ಓಡುವ ಚಿತ್ರದ ಮುಖದಲ್ಲಿ ಎರಡು ಹುಬ್ಬಿನ ನಡು ಹುಡುಕಿದ ಕೈ ಅದು. ಎದುರಿಗೆ ಅಲುಗಾಡದೆ ಕುಳಿತ ಹಣೆಯನ್ನು ಮುಟ್ಟಲಾರದೆ ಹೋಯಿತು. ಮೊದಲನೆಯ ಸಲ ಭಂಡಾರ ಎಡಹುಬ್ಬಿನ ಮೇಲೆ, ಮೂಗಿನ ಮೇಲೆ, ಬೇಳೆಯೊಳಗೆ ಬಿತ್ತು. ಎರಡನೆಯ ಸಲ ಕಣ್ಣರೆಪ್ಪೆಯ ಮೇಲೆ. ಮೂರನೆಯ ಸಲ ಲಗಮವ್ವನೇ ಅತ್ತಿಯ ಮಣಿಕಟ್ಟು ಹಿಡಿದು, ತನ್ನ ಹಣೆಗೆ ತಂದು, ಒತ್ತಿಕೊಂಡಳು. ಹಾಗೇ ಹಿಡಿದಿದ್ದಳು.

ಅತ್ತಿ ಕೇಳಬೇಕಿತ್ತು. ಕೇಳುವ ಮೊದಲೇ ರೇಖಾ ಹೇಳಿದಳು: "ನಾ ರೇಖಾ. ನಾ ನೋಡೀನಿ." ನಾನು ನನ್ನ ಹೆಸರು ಹೇಳಿದೆ. ಚಹಾ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದ ಲಗಮವ್ವನ ಅಣ್ಣನ ಸೊಸೆ, ಏನೆಂದು ಪೂರ್ತಿ ತಿಳಿಯದಿದ್ದರೂ, ಹೇಳಿದಳು: "ನಾ ಸುನೀತಾ. ನಾನೂ ನೋಡೀನ್ರಿ."

ಮರಳಿ ಬರುವ ಬಸ್ಸಿನಲ್ಲಿ ಪೂರ್ವಾಳ ಫೋನು ಬಂತು. ಧ್ವನಿ ಸಣ್ಣದಾಗಿತ್ತು. "ಅಜ್ಜೀ, ಗೆರಿ ಮೊಣಕೈಗೆ ಮುಟ್ಟಿತು. ಪೋರಿ ಹೋದ್ಲು. ಕರಿ ಸೀರಿ ಉಟ್ಲು."

ಅತ್ತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಹೋಗ್ಲಿ ಬಿಡು. ಕರಕೊಂಡು ಬರೋರು ಒಬ್ರು ಇರ್ತಾರ. ತಡಾ ಆಗ್ತದ, ಅಷ್ಟೇ."

ನಾಲ್ಕು ತಿಂಗಳ ಮೇಲೆ ಅತ್ತಿ ತಡವಳದಲ್ಲಿ ತೀರಿಕೊಂಡಳು. ಮಣ್ಣಿಗೆ ಹೋದಾಗ ನಾನು ದೊಡ್ಡಿಯ ಗೋಡೆಗೆ ಒರಗಿ ನಿಂತಿದ್ದೆ. ನನ್ನಿಂದ ಎರಡು ಮಾರು ದೂರದಲ್ಲಿ ಒಬ್ಬ ಹರೆಯದವನು ಇನ್ನೊಬ್ಬನಿಗೆ ಹೇಳುತ್ತಿದ್ದ: ಈ ಮನೆಯಲ್ಲಿ ಹಿಂದೆ ಕರಣಿ ಮಾಡುವವಳು ಒಬ್ಬಳಿದ್ದಳಂತೆ, ಬೋರಾಮಣಿಯವಳು. ಅವನು ಹುಟ್ಟುವ ಎಷ್ಟೋ ಮೊದಲಿನ ಮಾತು! ಅವನ ಬಾಯಿಗೆ ಅದು ಎಲ್ಲಿಂದ ಬಂತು? ಅಲ್ಲೇ ಅವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ನಕ್ಕ, ಹೂಂ ಎಂದ. ನಂಬಿದನೋ ಇಲ್ಲವೋ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ.

ಟೀವಿಯನ್ನು ರೇಖಾ ದಿನಾ ಒರೆಸುತ್ತಾಳೆ, ಆ ಹಳದಿ ಕಲೆಯನ್ನು ಬಿಟ್ಟು.

ಬೋರಾಮಣಿಯ ಲಗಮವ್ವ ಕರಣಿ ಮಾಡಿಲ್ಲ. ತಡವಳದ ಹಿರಿಯ ಸೊಸೆ ತನ್ನ ಕೈಯಾರೆ ಅವಳ ಹಣೆಗೆ ಭಂಡಾರ ಹಚ್ಚಿದ್ದಾಳೆ. ನಾನು ನಾಲ್ಕು ಹೆಜ್ಜೆಯಿಂದ ನೋಡಿದ್ದೇನೆ. ನನ್ನ ಹೆಂಡತಿ ರೇಖಾ ನೋಡಿದ್ದಾಳೆ, ಕೇಳಬೇಕೆಂದರೆ ಇದ್ದಾಳೆ. ಬೋರಾಮಣಿಯ ಸುನೀತಾ ನೋಡಿದ್ದಾಳೆ, ಇದ್ದಾಳೆ. ಲಗಮವ್ವ ಇದ್ದಾಳೆ.