ಖಾಲಿ ಡಬ್ಬಿ ಕೊಡಬಾರದು

ಮಕ್ಕಳಿಗೆ ಬುದ್ಧಿ ಹೇಳುವ ಚಟ ನಶ್ಯದ ಚಟಕ್ಕಿಂತ ಕೆಟ್ಟದ್ದು. ನಶ್ಯ ಏರಿಸಿದವನು ಒಂದು ಸೀನು ಸೀನಿ ಸುಮ್ಮನಾಗುತ್ತಾನೆ. ಬುದ್ಧಿ ಹೇಳಿದವನಿಗೆ ಇನ್ನಷ್ಟು ಹೇಳೋಣ ಅನ್ನಿಸುತ್ತದೆ. ಹಾಸನದ ನಮ್ಮ ಬಡಾವಣೆಯಿಂದ ಮಗಳು ಸಿಂಚನಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವಾಗ ದಿನಕ್ಕೊಂದು ನೀತಿ ಹೇಳುವುದು ನನ್ನ ಪದ್ಧತಿ. ಹಿಂದೆ ಕೂತವಳು ನಡುದಾರಿಯಲ್ಲಿ ಇಳಿದು ಓಡಲಾರಳು ಎಂಬುದೊಂದು ಅನುಕೂಲ. "ಹೆಲ್ಮೆಟ್ ಒಳಗಿಂದ ಏನ್ ಹೇಳಿದ್ರೂ ಅವಳಿಗೆ ಕೇಳ್ಸಲ್ಲ, ಬಿಡ್ರೀ" ಎಂದು ಹೆಂಡತಿ ಶಾರದೆ ನಗುತ್ತಿದ್ದಳು. ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನೂ ಹೇಳುತ್ತಿದ್ದೆನೇನೋ.

ಸೋಮವಾರ ಸುಳ್ಳು ಹೇಳಬಾರದು ಎಂದಾಯಿತು. ಶುಕ್ರವಾರದ ಪಾಠ ನಮ್ಮಪ್ಪನದು. ಹೊಳೆನರಸೀಪುರದ ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಅಪ್ಪ ಎಂದೂ ಬರಿದಾಗಿ ಕಳಿಸಿದವರಲ್ಲ. ಒಂದು ಅಚ್ಚು ಬೆಲ್ಲ ಹಾಕಿಯೇ ಕಳಿಸುತ್ತಿದ್ದರು. ಇದನ್ನು ಹೇಳಿ ನಿಲ್ಲಿಸಬಹುದಿತ್ತು. ರೈಲ್ವೆ ಗೇಟು ಹಾಕಿತ್ತು, ಬಾಯಿ ಸುಮ್ಮನಿರಲಿಲ್ಲ. "ಕೊಡೋದಾದ್ರೆ ನಮಗೆ ಪ್ರಾಣವಾದದ್ದನ್ನೇ ಕೊಡಬೇಕು ಮಗಳೇ, ಬೇಡವಾದದ್ದನ್ನಲ್ಲ" ಎಂದು ಸೇರಿಸಿದೆ. ಪಕ್ಕದ ಸ್ಕೂಟರಿನವರು ತಿರುಗಿ ನೋಡಿದ್ದು ಮೆಚ್ಚುಗೆಯಿಂದಲೇ ಎಂದು ತಿಳಿದು ಬೀಗಿದೆ.

ಈಗ ನನ್ನ ಪ್ರಾಣದ ವಿಷಯ. ಚಳಿಗಾಲದ ಸೊಗಡಿನ ಅವರೆಕಾಯಿ, ಅದರ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಇಷ್ಟಿದ್ದರೆ ನನಗೆ ಸ್ವರ್ಗದ ಗೊಡವೆ ಬೇಡ. ಆದರೆ ಶಾರದೆಯದು ಒಂದೇ ಷರತ್ತು: "ತಿನ್ನೋರೇ ಹಿತುಕ್ಬೇಕು." ಆ ಶನಿವಾರ ಚನ್ನರಾಯಪಟ್ಟಣದ ಸಂತೆಯಿಂದ ಚೀಲ ಹೊತ್ತು ತಂದೆ, ಸುಲಿದೆ, ಕಾಳು ನೆನೆಹಾಕಿದೆ. ಭಾನುವಾರ ಬೆಳಿಗ್ಗೆಯೆಲ್ಲ ಕೂತು ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸಿದೆ. ಹಿತುಕಿದ ಬೇಳೆ ಬೋಗುಣಿಗೆ ಬೀಳುವ ಬದಲು ಗೋಡೆಗೆ, ಟೀವಿಗೆ, ಒಮ್ಮೆ ನನ್ನ ಕನ್ನಡಕಕ್ಕೂ ಹಾರಿತು. ಹೆಬ್ಬೆರಳು ಬಾತುಕೊಂಡಿತು. ಬೋಗುಣಿ ತುಂಬಿದಾಗ ಮಾತ್ರ ಕಣ್ಣು ತುಂಬಿ ಬಂತು. ಶಾರದೆ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಬೋಗುಣಿ ಖಾಲಿ. ಸಿಂಚನ ಕಾಲಾಡಿಸುತ್ತಾ ಕೂತಿದ್ದಳು.

"ಜಯಮ್ಮಾಂಟಿ ಡಬ್ಬೀಲಿ ಹಾಕಿ ಕೊಟ್ಬಂದೆ ಅಪ್ಪಾ. ಕಜ್ಜಾಯ ಕಳ್ಸಿದ್ರಲ್ಲ, ಆ ಡಬ್ಬಿ. ನಿಮಗೆ ಪ್ರಾಣ ಅಂದ್ರೆ ಇದೇ ಅಲ್ವಾ?"

ಹೆಲ್ಮೆಟ್ಟಿನೊಳಗಿನ ಮಾತು ಕೇಳಿಸುತ್ತದೆ ಎಂದು ಗೊತ್ತಾದದ್ದು ಆಗ. ಬೈಯಲು ಬಾಯಿ ತೆರೆದೆ, ಏನೆಂದು ಬೈಯಲಿ? ಹೆಗಲ ಮೇಲಿನ ಟವೆಲ್ಲಿನ ಸಮೇತ ಪಕ್ಕದ ಮನೆಗೆ ಓಡಿದೆ. ಹೇಗಾದರೂ ಅರ್ಧವನ್ನಾದರೂ ವಾಪಸು ತರಬೇಕು. ಅರಕಲಗೂಡಿನ ಕಡೆಯ ಜಯಮ್ಮ ಬಾಗಿಲಲ್ಲೇ ಸಿಕ್ಕರು.

"ನೀರು ಬಂತಾ ಜಯಮ್ಮ?" ಎಂದೆ.

"ನೀರು ಒತ್ತಾರೆನೇ ಬಂತಲ್ಲ ಸಾ! ಅದಿರ್ಲಿ, ಮಗಿನ ಎಂಗ್ ಬೆಳ್ಸಿದ್ದೀರಿ! 'ನಮ್ಮಪ್ಪಂಗೆ ಇದಂದ್ರೆ ಪ್ರಾಣ, ಅದ್ಕೇ ತಂದೆ' ಅಂತು ಕಣ್ ಸಾ. ಕಣ್ಣಲ್ಲಿ ನೀರೇ ಬಂದ್ಬುಡ್ತು."

ನನ್ನ ಕಣ್ಣಲ್ಲೂ ಬರುವುದರಲ್ಲಿತ್ತು. "ಇನ್ನೂ ಒಲೆ ಮೇಲೆ ಇಟ್ಟಿಲ್ಲ ತಾನೇ?" ಎಂದೆ, ಆದಷ್ಟು ಲೋಕಾಭಿರಾಮವಾಗಿ.

"ಆಗ್ಲೇ ಒಗ್ಗರಣೆ ಬಿತ್ತು ಸಾ! ಅಳಿಯ ಬತ್ತಾವ್ನೆ, ಏನ್ ಮಾಡ್ಲಪ್ಪ ಅಂತಿದ್ದೆ. ದ್ಯಾವ್ರು ಕೊಟ್ಟಂಗಾಯ್ತು."

ಇಂಗಿನ ಘಮ ಅಂಗಳದವರೆಗೂ ಬಂತು. ಕಂಡರಿಯದ ಆ ಅಳಿಯನ ಮೇಲೆ ನನಗೆ ಹುಟ್ಟಿದ ದ್ವೇಷವನ್ನು ಇಲ್ಲಿ ಬರೆಯುವಂತಿಲ್ಲ.

ಮಧ್ಯಾಹ್ನ ಅದೇ ಡಬ್ಬಿ ನಮ್ಮ ಮನೆಗೆ ಬಂತು. ಒಳಗೆ ಒಂದು ಸೌಟು ಸಾರು, ಅಳಿಯನ ಕೈಗೆ ಸಿಗದೆ ತಪ್ಪಿಸಿಕೊಂಡ ಕೆಲವು ಬೇಳೆ. "ಖಾಲಿ ಕೊಡಬಾರದಂತಲ್ಲ ಸಾ, ನಿಮ್ ಮಗಳೇ ಯೋಳಿದ್ಲು" ಎಂದರು ಜಯಮ್ಮ. ಶಾರದೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಮುದ್ದೆ ಬಡಿಸಿದಳು. ಸಾರು ಅಮೃತವಾಗಿತ್ತು. ಸಂಕಟ ಇನ್ನೂ ಹೆಚ್ಚಾದದ್ದು ಅದಕ್ಕೇ.

ಉಂಡೆದ್ದು ಡಬ್ಬಿ ತೊಳೆದೆ. ಈ ಸಲ ಎಚ್ಚರಿಕೆಯಿಂದ ಅಪ್ಪನ ಮೂಲಪಾಠಕ್ಕೇ ಮರಳಿ, ಒಂದು ಅಚ್ಚು ಬೆಲ್ಲ ಹಾಕಿ ಮುಚ್ಚಳ ಒತ್ತುತ್ತಿದ್ದೆ. ಸಿಂಚನ ಬಂದು ನಿಂತಳು.

"ನಿಮಗೆ ಬೆಲ್ಲ ಪ್ರಾಣಾನಾ ಅಪ್ಪಾ?"

ಹೌದು ಅನ್ನಬಹುದಿತ್ತು. ಆದರೆ ಸೋಮವಾರದ ಪಾಠ ಅಡ್ಡ ಬಂತು. ಆಗಲೇ ನೆನಪಾದದ್ದು: ನಮ್ಮಪ್ಪನಿಗೂ ಬೆಲ್ಲ ಕಂಡರಾಗುತ್ತಿರಲಿಲ್ಲ. ಕಾಫಿಗೂ ಹಾಕಿಸಿಕೊಂಡವರಲ್ಲ. ಆದರೆ ಅವರಿಗೆ ಇಷ್ಟವಾದ ಕೋಡುಬಳೆ ನಮ್ಮ ಮನೆಯ ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ. ಎಂಥ ಜ್ಞಾನಿ! ಮಾಡಿ ತೋರಿಸಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿ ಕೆಟ್ಟವನು ನಾನು.

ಚೀಲದ ತಳದಲ್ಲಿ ಇನ್ನೊಂದಿಷ್ಟು ಕಾಯಿ ಉಳಿದಿತ್ತು. ಬೆಲ್ಲ ತೆಗೆದಿಟ್ಟು, ಬಾತ ಹೆಬ್ಬೆರಳನ್ನು ಊದಿಕೊಳ್ಳುತ್ತಾ ಸುಲಿಯಲು ಕೂತೆ. ಜಯಮ್ಮನ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಸಿಂಚನ ಕಾಯುತ್ತಾ ಕೂತಳು.